ಹಳೇ ಜೀಪು ಆಫ್ ಆಗ್ತಿದೆ, ಪೆಟ್ರೋಲ್ ಉಕ್ತಿದೆ ಅಂದ್ರೆ ಕಾರ್ಬುರೇಟರ್ ಬಿಚ್ಚೋ ಮುಂಚೆ ಏನೇನು ನೋಡ್ಬೇಕು

ಸ್ಲೋನಲ್ಲಿ, ಅಂದ್ರೆ ಪೆಡಲಿಂದ ಕಾಲು ತೆಗೆದು ಐಡ್ಲಿಂಗಲ್ಲಿ ಬಿಟ್ಟಾಗ, ಎಂಜಿನ್ ಓಡ್ತಾ ಇರಲ್ಲ, ಏರು ಹತ್ತುವಾಗ ಆಫ್ ಆಗುತ್ತೆ, ಆಮೇಲೆ ಎಷ್ಟು ಸೆಲ್ಫ್ ಹೊಡೆದ್ರೂ ಸ್ಟಾರ್ಟ್ ಆಗಲ್ಲ, ಬಾನೆಟ್ ಎತ್ತಿದ್ರೆ ಮೂಗಿಗೆ ಪೆಟ್ರೋಲ್ ವಾಸನೆ, ಹೊಸ ಕಾರ್ಬುರೇಟರ್ ಹಾಕಿಸಿಬಿಡ್ಲಾ? ಈ ಪ್ರಶ್ನೆ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಲ್ಲ, ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಬರೆಯೋದಕ್ಕಿಂತ ಒಂದೇ ಕಡೆ ಎಲ್ಲಾ ಬರೆದಿಡೋಣ ಅಂತ ಕೂತಿದೀನಿ. ಉತ್ತರ ಮೊದಲೇ ಹೇಳ್ತೀನಿ, ಬೇಡ, ಈಗಲೇ ಹೊಸದು ಹಾಕಿಸ್ಬೇಡಿ. ಗಾಡಿ ಯಾವಾಗ ಆಫ್ ಆಗುತ್ತೆ ಅನ್ನೋದನ್ನ ಸರಿಯಾಗಿ ಗಮನಿಸಿದ್ರೆ ಅರ್ಧ ರಿಪೇರಿ ಅಲ್ಲೇ ಆಯ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಕಾರ್ಬುರೇಟರ್ ಅಂದ್ರೆ ಗಾಳಿಗೆ ಪೆಟ್ರೋಲ್ ಬೆರೆಸೋ ಸಾಧನ. ಅದರ ಪಕ್ಕದಲ್ಲಿ ಒಂದು ಸಣ್ಣ ತೊಟ್ಟಿ ಇರುತ್ತೆ, ಅದಕ್ಕೆ ಬೌಲ್ ಅಂತಾರೆ. ಬೌಲ್ ಒಳಗೆ ತೇಲೋ ತುಂಡು ಫ್ಲೋಟ್. ಪೆಟ್ರೋಲ್ ಮೇಲೆ ಬಂದ ಹಾಗೆ ಫ್ಲೋಟ್ ಎದ್ದು, ಚೂಪಾದ ಒಂದು ಸೂಜಿಯನ್ನ ಅದರ ಸೀಟಿಗೆ ಒತ್ತಿ ದಾರಿ ಮುಚ್ಚುತ್ತೆ, ಇದೇ ನೀಡಲ್ ವಾಲ್ವ್. ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ನೋಡಿದ್ರೆ ನಿಮಗಿದು ಗೊತ್ತಿದೆ ಅಂತಾನೇ ಅರ್ಥ. ಈ ವಾಲ್ವ್ ಪೂರ್ತಿ ಮುಚ್ಚದೇ ಇದ್ರೆ ಪೆಟ್ರೋಲ್ ಉಕ್ಕುತ್ತೆ, ಅದನ್ನೇ ಫ್ಲಡ್ಡಿಂಗ್ ಅನ್ನೋದು. ಬೌಲಿಗೆ ಬೇಕಾದಷ್ಟು ಪೆಟ್ರೋಲ್ ಬರದೇ ಇದ್ರೂ, ಗಾಳಿ ಬೇರೆ ಕಡೆಯಿಂದ ಕದ್ದು ನುಗ್ಗಿದ್ರೂ ಎಂಜಿನ್ ಆಫ್ ಆಗುತ್ತೆ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ, ಜನ ಏಮಾರೋದು ಇಲ್ಲೇ.

ಬೇಕಾಗೋ ಸಾಮಾನು: ಸ್ಪ್ಯಾನರ್ ಸೆಟ್, ಸರಿಯಾಗಿ ಕೂರೋ ಸ್ಕ್ರೂ ಡ್ರೈವರ್‌ಗಳು (ಜೆಟ್ಟು ಅಂದ್ರೆ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಹಿತ್ತಾಳೆ ತುಂಡು, ಅದರ ತಲೆ ಕಿತ್ತೋದ್ರೆ ಕಥೆ ಮುಗೀತು), ಪ್ಲಗ್ ಸ್ಪ್ಯಾನರ್, ಟಾರ್ಚ್, ಕಾರ್ಬುರೇಟರ್ ಕ್ಲೀನರ್ ಸ್ಪ್ರೇ, ಮಿಲಿಮೀಟರ್ ಸ್ಕೇಲು, ಗಾಜಿನ ಒಂದು ಬಾಟಲಿ, ಸಾಧ್ಯವಾದ್ರೆ ಕಡಿಮೆ ಪ್ರೆಶರ್ ತೋರಿಸೋ ಫ್ಯೂಯಲ್ ಗೇಜು ಮತ್ತು ವ್ಯಾಕ್ಯೂಮ್ ಗೇಜು (ಎಂಜಿನ್ ಗಾಳಿ ಎಳೆಯೋ ಸೆಳೆತ ಅಳೆಯೋದು). ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಹಾಗಿರ್ಲಿ, ಇದನ್ನ ಪಟ್ಟಿಯಲ್ಲಿ ಕೊನೇಲಿ ಬರೆದೆ ಅಂತ ಬಿಡ್ಬೇಡಿ. ಪೆಟ್ರೋಲ್ ಲೈನ್ ಬಿಚ್ಚೋ ಕೆಲಸಕ್ಕೆ ಮುಂಚೆ ಬ್ಯಾಟರಿ ನೆಗೆಟಿವ್ ತೆಗೀರಿ, ಬಾಗಿಲು ಮುಚ್ಚಿದ ಶೆಡ್ಡಲ್ಲಿ ಈ ಕೆಲಸ ಬೇಡ, ಸಿಗರೇಟು ಅಂತೂ ಬೇಡವೇ ಬೇಡ.

1. ಈಗ ಉಕ್ಕಿ ನಿಂತಿರೋ ಗಾಡಿನ ಮೊದಲು ಸ್ಟಾರ್ಟ್ ಮಾಡಿ

ದಾರಿ ಮಧ್ಯೆ ನಿಂತು ಓದ್ತಿರೋರಿಗೆ ಇದು. ಪೆಡಲ್ ಪಂಪ್ ಮಾಡೋದು ನಿಲ್ಲಿಸಿ. ಪ್ರತಿ ಸಲ ತುಳಿದಾಗ ಆಕ್ಸಿಲರೇಟರ್ ಪಂಪು, ಅಂದ್ರೆ ಪೆಡಲ್ ತುಳಿದಾಗ ಪಿಚಕಾರಿ ಥರ ಪೆಟ್ರೋಲ್ ಚಿಮ್ಮಿಸೋ ಭಾಗ, ಇನ್ನೊಂದಿಷ್ಟು ಪೆಟ್ರೋಲ್ ಒಳಗೆ ಹಾಕುತ್ತೆ, ಮೊದಲೇ ಮುಳುಗಿರೋ ಪ್ಲಗ್ಗುಗಳು ಇನ್ನೂ ಮುಳುಗುತ್ತೆ. ಚೋಕ್, ಅಂದ್ರೆ ತಣ್ಣಗಿದ್ದಾಗ ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಮಾಡೋ ಗುಂಡಿ, ಅದನ್ನ ಪೂರ್ತಿ ಒಳಗೆ ತಳ್ಳಿ, ಪೆಡಲ್ ನೆಲಕ್ಕೆ ಒತ್ತಿ ಹಿಡಿದುಕೊಂಡು ಹಾಗೇ ಇಡಿ, ಐದಾರು ಸೆಕೆಂಡ್ ಸೆಲ್ಫ್ ಹೊಡೀರಿ, ಬಿಡಿ, ಅರ್ಧ ನಿಮಿಷ ಸ್ಟಾರ್ಟರಿಗೆ ಉಸಿರು ಬಿಡೋಕೆ ಬಿಡಿ, ಮತ್ತೆ ಹೊಡೀರಿ. ತ್ರಾಟಲ್, ಅಂದ್ರೆ ಪೆಡಲ್ ತುಳಿದಾಗ ತೆರೆಯೋ ಗಾಳಿ ಬಾಗಿಲು, ಪೂರ್ತಿ ತೆರೆದಿದ್ರೆ ಗಾಳಿ ಜಾಸ್ತಿ ನುಗ್ಗಿ ಒಳಗಿನ ಹಸಿ ಪೆಟ್ರೋಲ್ ಒಣಗುತ್ತೆ. ಎಂಜಿನ್ ಹಿಡಿದ ಕೂಡ್ಲೇ ಕಾಲು ನಿಧಾನಕ್ಕೆ ಎತ್ತಿ. ಮೂರ್ನಾಲ್ಕು ಸಲಕ್ಕೂ ಆಗ್ಲಿಲ್ಲ ಅಂದ್ರೆ ಪ್ಲಗ್ ಬಿಚ್ಚಿ ಒರೆಸಿ, ಕಾಲು ಗಂಟೆ ಬಿಟ್ಟು ಹಾಕಿ.

ಆದ್ರೆ ಎಂಜಿನ್ ಮೇಲೆ ಪೆಟ್ರೋಲ್ ಹರಿದಿರೋದು ಕಾಣ್ತಿದ್ರೆ ಸೆಲ್ಫ್ ಹೊಡೀಲೇಬೇಡಿ. ಮೊದಲು ಒರೆಸಿ, ಆವಿ ಹೋಗೋ ತನಕ ಕಾಯಿರಿ. ಏರ್ ಕ್ಲೀನರ್ ಬಿಚ್ಚಿಟ್ಟು ಸೆಲ್ಫ್ ಹೊಡೆಯೋದೂ ತಪ್ಪು, ಎಂಜಿನ್ ಒಂದು ಸಲ ಮೇಲಕ್ಕೆ ಸೀನಿದ್ರೆ ಬೆಂಕಿ ನೇರವಾಗಿ ಹೊರಗೆ ಬರುತ್ತೆ.

2. ಡಿಪ್ ಸ್ಟಿಕ್ ಎಳೆದು ಮೂಸಿ ನೋಡಿ

ಡಿಪ್ ಸ್ಟಿಕ್ ಅಂದ್ರೆ ಎಂಜಿನ್ ಆಯಿಲ್ ಲೆವೆಲ್ ನೋಡೋ ಕಡ್ಡಿ. ಇದನ್ನ ಯಾರೂ ಮಾಡಲ್ಲ. ಎಂಜಿನ್ ಆಯಿಲ್ ಲೆವೆಲ್ ತಾನಾಗೇ ಏರಿದ್ರೆ, ಆಯಿಲ್ ನೀರಿನ ಥರ ತೆಳ್ಳಗಿದ್ರೆ, ಪೆಟ್ರೋಲ್ ವಾಸನೆ ಹೊಡೀತಿದ್ರೆ, ಉಕ್ಕಿದ ಪೆಟ್ರೋಲ್ ಸಿಲಿಂಡರ್ ದಾಟಿ ಕೆಳಗೆ ಇಳಿದಿದೆ. ಇಲ್ಲಾ ಎಂಜಿನ್ ಪಕ್ಕಕ್ಕಿರೋ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಮ್, ಅಂದ್ರೆ ಒಳಗಿನ ರಬ್ಬರ್ ಪೊರೆ, ಹರಿದು ಅಲ್ಲಿಂದ ಇಳೀತಿದೆ. ಎರಡರಲ್ಲಿ ಯಾವುದೇ ಆಗಿರ್ಲಿ, ಆ ಆಯಿಲಲ್ಲಿ ಗಾಡಿ ಓಡಿಸ್ಬೇಡಿ, ಬೇರಿಂಗ್ ಹೋಗುತ್ತೆ. ಕಾರಣ ಹುಡುಕಿ ಸರಿ ಮಾಡಿ, ಆಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾಯಿಸಿ. ಮೊದಲು ಆಯಿಲ್ ಬದಲಾಯಿಸಿ ಆಮೇಲೆ ಕಾರಣ ಹುಡುಕೋಕೆ ಹೊರಟ್ರೆ ಎರಡು ಸಲ ಆಯಿಲ್ ಖರ್ಚು.

3. ಯಾವಾಗ ಆಫ್ ಆಗುತ್ತೆ ಅಂತ ಬರೆದಿಡಿ

ನಿಜವಾದ ಕೆಲಸ ಇದು, ಸ್ಪ್ಯಾನರ್ ಮುಟ್ಟೋ ಹಾಗೇ ಇಲ್ಲ. ಒಂದೆರಡು ದಿನ ಗಾಡಿ ಓಡಿಸಿ, ಪ್ರತಿ ಸಲ ಆಫ್ ಆದಾಗ ಎಂಜಿನ್ ತಣ್ಣಗಿತ್ತಾ ಬಿಸಿ ಇತ್ತಾ, ಗಾಡಿ ಮೂತಿ ಮೇಲಿತ್ತಾ ಕೆಳಗಿತ್ತಾ ಪಕ್ಕಕ್ಕೆ ವಾಲಿತ್ತಾ, ಬ್ರೇಕ್ ಹಾಕಿದ್ರಾ, ಹಳ್ಳ ದಿಣ್ಣೆಲಿ ಕುಣೀತಿತ್ತಾ, ಸ್ವಲ್ಪ ಹೊತ್ತಿಗೆ ಮುಂಚೆ ನೀರು ದಾಟಿದ್ರಾ ಅಂತ ಒಂದು ಚೀಟೀಲಿ ಬರೀರಿ.

ತಣ್ಣಗಿದ್ದಾಗ ಮಾತ್ರ ಆಫ್ ಆಗ್ತಿದ್ರೆ ಚೋಕ್ ಕಡೆ ನೋಡಿ. ಬಿಸಿಯಾದ ಮೇಲೆ ಸ್ಲೋನಲ್ಲಿ ಮಾತ್ರ ಆದ್ರೆ ಐಡಲ್ ಜೆಟ್ಟು (ಸ್ಲೋನಲ್ಲಿ ಪೆಟ್ರೋಲ್ ಕೊಡೋ ಜೆಟ್ಟು), ಗಾಳಿ ಎಳೆಯೋದು, ಐಡಲ್ ಸಾಲನಾಯ್ಡ್ (ಏನು ಅಂತ ಒಂಬತ್ತನೇ ಹೆಜ್ಜೇಲಿ ಇದೆ). ಬಿಸಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆಗ್ದಿದ್ರೆ ಶಾಖದ ತೊಂದರೆ. ಏರು, ಇಳಿಜಾರು, ಕುಣಿತದಲ್ಲಿ ಮಾತ್ರ ಆದ್ರೆ ಫ್ಲೋಟ್. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಉಸಿರು ಕಟ್ಟಿದ ಹಾಗೆ ನಿಂತು, ಸ್ವಲ್ಪ ಹೊತ್ತಿಗೆ ತಾನೇ ಸರಿಯಾದ್ರೆ ಟ್ಯಾಂಕ್ ಮುಚ್ಚಳ ಸಡಿಲ ಮಾಡಿ ನೋಡಿ, ಉಸ್ ಅಂತ ಗಾಳಿ ಒಳಗೆ ಎಳೆದ್ರೆ ಟ್ಯಾಂಕಿಗೆ ಗಾಳಿ ಹೋಗೋ ದಾರಿ ಮುಚ್ಚಿದೆ, ಅಷ್ಟೇ ಕಾಯಿಲೆ. ಉಲ್ಟಾನೂ ಇದೆ ನೋಡಿ, ಅದೇ ದಾರಿ ಮುಚ್ಚಿದ್ದು ಟ್ಯಾಂಕ್ ಬಿಸಿಲಿಗೆ ಕಾದ್ರೆ ಒಳಗಿನ ಒತ್ತಡ ಪೆಟ್ರೋಲನ್ನ ಬೌಲಿಗೆ ತಳ್ಳಿ, ನಿಂತಿರೋ ಗಾಡೀಲೇ ಉಕ್ಕಿಸುತ್ತೆ.

4. ಕರೆಂಟ್ ಕಡೆ ಮೊದಲು

ಹಳೇ ಗಾಡೀಲಿ ಪಾಯಿಂಟು, ಕಂಡೆನ್ಸರ್, ಕಾಯಿಲ್ ಇರುತ್ತೆ, ಪ್ಲಗ್ಗಿಗೆ ಕಿಡಿ ಕೊಡೋದು ಇವೇ. ಬಿಸಿಯಾದಾಗ ಕೈ ಕೊಡೋ ಕಾಯಿಲು ಮತ್ತು ಕಂಡೆನ್ಸರ್ ಥೇಟ್ ಪೆಟ್ರೋಲ್ ತೊಂದರೆ ಥರಾನೇ ನಾಟಕ ಆಡುತ್ತೆ, ಕಿಡಿ ಇಲ್ಲದೆ ಪೆಟ್ರೋಲ್ ಸುಡಲ್ಲ, ಪ್ಲಗ್ ಒದ್ದೆ ಆಗುತ್ತೆ, ಓನರ್ ಅದನ್ನ ಫ್ಲಡ್ ಅಂತಾರೆ. ನಾನೂ ಒಂದು ಸಲ ಕಾರ್ಬುರೇಟರನ್ನ ಎರಡು ಸಲ ಬಿಚ್ಚಿ ತೊಳೆದು ರಿಪೇರಿ ಕಿಟ್ ಹಾಕಿ, ಕೊನೆಗೆ ಬೆರಳು ಗಾತ್ರದ ಕಂಡೆನ್ಸರ್ ಬದಲಾಯಿಸಿದಾಗ ಸರಿ ಹೋಗಿದ್ದು. ಗಾಡಿ ಆಫ್ ಆದ ಕ್ಷಣದಲ್ಲೇ ಕಿಡಿ ಇದೆಯಾ ನೋಡಿ, ತಣ್ಣಗಾದ ಮೇಲೆ ನೋಡಿದ್ರೆ ಏನೂ ಪ್ರಯೋಜನ ಇಲ್ಲ. ಕಿಡಿ ನೋಡೋ ಪ್ಲಗ್ಗನ್ನ ಕಾರ್ಬುರೇಟರಿನಿಂದ ದೂರ ಹಿಡೀಬೇಕು ಅಂತ ಬೇರೆ ಹೇಳ್ಬೇಕಾಗಿಲ್ಲ.

ಪ್ಲಗ್ ಬಿಚ್ಚಿದಾಗ ಅದರ ಮೂತಿ ನೋಡಿ. ಒಣಗಿದ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ, ಒದ್ದೆಯಾಗಿ ಪೆಟ್ರೋಲ್ ವಾಸನೆ ಇದ್ರೆ ಉಕ್ಕಿದೆ ಇಲ್ಲಾ ಕಿಡಿ ಇಲ್ಲ, ಬೂದಿ ಥರ ಬೆಳ್ಳಗಿದ್ರೆ ಗಾಳಿ ಜಾಸ್ತಿ, ತಿಳಿ ಕಂದು ಇದ್ರೆ ಸರಿಯಾಗಿದೆ.

5. ಟ್ಯಾಂಕಿನಿಂದ ಬೌಲ್ ತನಕ

ಕಾರ್ಬುರೇಟರಿಗೆ ಬರೋ ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದು, ಕಾಯಿಲ್ ವೈರ್ ತೆಗೆದಿಟ್ಟು, ಯಾರಾದ್ರೂ ಕೆಲವು ಸೆಕೆಂಡ್ ಸೆಲ್ಫ್ ಹೊಡೀಲಿ (ಇದಕ್ಕೆ ಮಾತ್ರ ಬ್ಯಾಟರಿ ಮತ್ತೆ ಹಾಕ್ಬೇಕು). ಪೆಟ್ರೋಲ್ ಧಾರಾಳವಾಗಿ, ಗುಳ್ಳೆ ಇಲ್ಲದೆ, ಬಡಿತ ಬಡಿತವಾಗಿ ಚಿಮ್ಮಬೇಕು. ಗುಳ್ಳೆ ಬರ್ತಿದ್ರೆ ಟ್ಯಾಂಕ್ ಕಡೆ ಪೈಪ್ ಎಲ್ಲೋ ಸೀಳಿದೆ, ಅಲ್ಲಿಂದ ಪೆಟ್ರೋಲ್ ಸೋರಲ್ಲ, ಗಾಳಿ ಎಳೆಯುತ್ತೆ, ಹಾಗಾಗಿ ಕಣ್ಣಿಗೆ ಕಾಣಲ್ಲ. ಬಾಟಲಿನ ಐದು ನಿಮಿಷ ಅಲ್ಲಾಡಿಸ್ದೇ ಇಟ್ಟು ಬೆಳಕಿಗೆ ಹಿಡೀರಿ, ತಳದಲ್ಲಿ ಇಟ್ಟಿಗೆ ಪುಡಿ ಥರ ಕೂತ್ರೆ ಅದು ಟ್ಯಾಂಕಿನ ತುಕ್ಕು, ಬಾಟಲಿ ಓರೆ ಮಾಡಿದಾಗ ಪಾದರಸದ ಹಾಗೆ ಉಂಡೆ ಉಂಡೆಯಾಗಿ ಉರುಳಾಡಿದ್ರೆ ಅದು ನೀರು. ತುಕ್ಕು ಕಂಡ್ರೆ ಟ್ಯಾಂಕ್ ಸರಿ ಮಾಡ್ದೇ ಕಾರ್ಬುರೇಟರ್ ತೊಳೆದ್ರೆ ವಾರದಲ್ಲಿ ಮತ್ತೆ ಅದೇ ಹಾಡು.

ಹಳೇ ರಬ್ಬರ್ ಪೈಪುಗಳನ್ನ ನಂಬ್ಬೇಡಿ. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಅಂತ ಮಾಡಿರದ ರಬ್ಬರ್ ಒಳಗಿಂದ ಮೆತ್ತಗಾಗಿ ಪದರ ಬಿಡುತ್ತೆ, ಆ ಪದರ ಬಾಗಿಲಿನ ಹಾಗೆ ಮಡಚಿಕೊಂಡು ದಾರಿ ಮುಚ್ಚುತ್ತೆ, ಹೊರಗಿಂದ ಪೈಪ್ ಹೊಸದರ ಥರ ಕಾಣುತ್ತೆ. ಪಂಪಿನಿಂದ ಕಾರ್ಬುರೇಟರ್ ಮಧ್ಯೆ ಫಿಲ್ಟರ್ ಇರ್ಲಿ, ಆದ್ರೆ ಪ್ಲಾಸ್ಟಿಕ್ ಫಿಲ್ಟರನ್ನ ಸೈಲೆನ್ಸರ್ ಪೈಪಿನ ಪಕ್ಕ ತೂಗುಹಾಕ್ಬೇಡಿ.

ಇನ್ನು ಪೆಟ್ರೋಲ್ ಪ್ರೆಶರ್. ಬಹುಪಾಲು ಹಳೇ ಕಾರ್ಬುರೇಟರ್‌ಗಳಿಗೆ 3ರಿಂದ 5 ಪಿಎಸ್‌ಐ (ಪ್ರೆಶರ್ ಅಳೆಯೋ ಲೆಕ್ಕ) ಸಾಕು, ಅದಕ್ಕಿಂತ ತುಂಬಾ ಮೇಲೆ ಹೋದ್ರೆ ನೀಡಲ್ ಎಷ್ಟೇ ಹೊಸದಿದ್ರೂ ತಡೆಯೋಕಾಗಲ್ಲ, ಪೆಟ್ರೋಲ್ ಅದನ್ನ ತಳ್ಳಿಕೊಂಡು ನುಗ್ಗುತ್ತೆ. ಹಳೇ ಪಂಪ್ ಕೆಟ್ಟಿದೆ ಅಂತ ಇಂಜೆಕ್ಷನ್ ಗಾಡಿಯ (ಕಾರ್ಬುರೇಟರ್ ಇಲ್ಲದ ಗಾಡಿಯ) ಎಲೆಕ್ಟ್ರಿಕ್ ಪಂಪ್ ತಂದು ಜೋಡಿಸೋರಿದ್ದಾರೆ, ಅದರ ಪ್ರೆಶರ್ ಇದರ ಹತ್ತು ಪಟ್ಟು, ರೆಗ್ಯುಲೇಟರ್ ಇಲ್ಲದೆ ಹಾಕಿದ್ರೆ ಕಾರ್ಬುರೇಟರ್ ಕಾರಂಜಿ ಆಗುತ್ತೆ. ಎಲೆಕ್ಟ್ರಿಕ್ ಪಂಪ್ ಹಾಕೋದೇ ಆದ್ರೆ ಎಂಜಿನ್ ನಿಂತಾಗ ಪಂಪೂ ತಾನಾಗೇ ನಿಲ್ಲೋ ಹಾಗೆ ಕನೆಕ್ಷನ್ ಕೊಡಿಸಿ, ಗಾಡಿ ಮಗುಚಿದಾಗ ಅದು ಪೆಟ್ರೋಲ್ ಸುರೀತಾನೇ ಇರಬಾರದು.

6. ಬೌಲ್ ಬಿಚ್ಚಿ ಫ್ಲೋಟ್ ನೋಡೋದು

ಇಲ್ಲಿ ನಿಧಾನ ಬೇಕು. ಉಕ್ಕೋ ಗಾಡಿಗಳಲ್ಲಿ ಬಹುತೇಕ ಕಾಯಿಲೆ ಸಿಗೋದು ಇಲ್ಲೇ.

ಬಿಚ್ಚೋ ಮುಂಚೆ ಮೊಬೈಲಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೀರಿ. ವ್ಯಾಕ್ಯೂಮ್ ಪೈಪುಗಳಿಗೆ ಟೇಪ್ ಅಂಟಿಸಿ ನಂಬರ್ ಹಾಕಿ. ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40, ಸುಜುಕಿ ಸಮುರಾಯ್ ಥರದ ಗಾಡಿಗಳಲ್ಲಿ ಬೌಲಿನ ಪಕ್ಕಕ್ಕೆ ಸಣ್ಣ ಗಾಜಿನ ಕಿಟಕಿ ಇರುತ್ತೆ, ನಿಮ್ಮದರಲ್ಲೂ ಇದ್ರೆ ಪುಣ್ಯವಂತರು, ಬಿಚ್ಚೋದೇ ಬೇಡ, ಸಮತಟ್ಟು ಜಾಗದಲ್ಲಿ ಎಂಜಿನ್ ಓಡ್ತಿರೋವಾಗ ಪೆಟ್ರೋಲ್ ಗುರುತಿಗೆ ಸರಿಯಾಗಿ ನಿಂತಿದೆಯಾ ನೋಡಿ. ಗುರುತಿಗಿಂತ ಮೇಲಿದ್ರೆ, ಇಲ್ಲಾ ಕಿಟಕಿ ಪೂರ್ತಿ ತುಂಬಿ ಗೆರೇನೇ ಕಾಣ್ತಿಲ್ಲ ಅಂದ್ರೆ ಆಗ ಬಿಚ್ಚಿ.

ಮುಚ್ಚಳ ನೇರವಾಗಿ ಮೇಲಕ್ಕೆ ಎತ್ತಿ, ಫ್ಲೋಟ್ ಸಿಕ್ಕಿ ಬಗ್ಗಿದ್ರೆ ಅಳತೆ ಎಲ್ಲಾ ಹಾಳು. ಫ್ಲೋಟಿನ ಪಿನ್ ಎಳೆದು ಫ್ಲೋಟ್ ಕೈಗೆ ತಗೊಳ್ಳಿ. ಹಿತ್ತಾಳೆದಾದ್ರೆ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗೆ ಎಳನೀರಿನ ಥರ ಕುಲುಕಿದ ಸದ್ದು ಬಂದ್ರೆ ತೂತಾಗಿದೆ, ಮುಳುಗಿದ ಫ್ಲೋಟ್ ಯಾವತ್ತೂ ನೀಡಲ್ ಮುಚ್ಚಲ್ಲ. ಅನುಮಾನ ಇದ್ರೆ ಬಿಸಿ ನೀರಲ್ಲಿ ಅದ್ದಿ, ತೂತಿರೋ ಕಡೆ ಗುಳ್ಳೆ ಬರುತ್ತೆ. ಕಪ್ಪು ಫೋಮಿನ ಫ್ಲೋಟಾದ್ರೆ ತೂತಿನ ಪ್ರಶ್ನೆ ಇಲ್ಲ, ಅದು ವರ್ಷಗಟ್ಟಲೆ ಪೆಟ್ರೋಲ್ ಕುಡಿದು ಭಾರ ಆಗಿರುತ್ತೆ, ಹೊಸದರ ಜೊತೆ ತೂಗಿ ನೋಡಿದ್ರೆ ಗೊತ್ತಾಗುತ್ತೆ. ಬೆಂಕಿ ಹತ್ರ ಮಾತ್ರ ಯಾವ ಫ್ಲೋಟನ್ನೂ ಒಯ್ಯಬೇಡಿ, ಬೆಸುಗೆ ಹಾಕೋ ಆಸೆ ಬಿಡಿ, ಬೆಸುಗೆ ತೂಕ ಕೂಡ ಲೆಕ್ಕಕ್ಕೆ ಬರುತ್ತೆ, ಹೊಸದು ಹಾಕಿ.

ಈಗ ನೀಡಲ್. ಟಾರ್ಚ್ ಬೆಳಕಲ್ಲಿ ಅದರ ಕೋನ್ ಭಾಗ ತಿರುಗಿಸ್ತಾ ನೋಡಿ. ಸೀಟಿಗೆ ತಾಗೋ ಕಡೆ ಉಂಗುರದ ಹಾಗೆ ಒಂದು ಗೆರೆ ಹೊಳೀತಿರುತ್ತೆ, ಉಗುರು ಮೇಲಿಂದ ಕೆಳಗೆ ಎಳೀರಿ, ಉಗುರು ಆ ಗೆರೇಲಿ ತಡೆದ್ರೆ ಸವೆದಿದೆ. ಸೀಟನ್ನೂ ಜೊತೇಲೇ ಬದಲಾಯಿಸಿ, ಹಳೇ ಸೀಟಿಗೆ ಹೊಸ ನೀಡಲ್ ಕೂರಲ್ಲ. ಸೀಟಿನ ಕೆಳಗಿನ ವಾಷರ್ ಮರೀಬೇಡಿ, ಅದು ಸೋರಿದ್ರೆ ನೀಡಲ್ ಪಕ್ಕದಿಂದ ಪೆಟ್ರೋಲ್ ಒಳಗೆ ಬರ್ತಾನೇ ಇರುತ್ತೆ, ನೀವು ನೀಡಲ್ ಮೇಲೆ ನೀಡಲ್ ಹಾಕ್ತಾನೇ ಇರ್ತೀರಾ.

ಅಳತೆ ಹೀಗೆ: ಮುಚ್ಚಳ ತಲೆಕೆಳಗು ಮಾಡಿ, ಫ್ಲೋಟ್ ತನ್ನ ಭಾರದಲ್ಲೇ ನೀಡಲ್ ಮೇಲೆ ಕೂರೋ ಹಾಗೆ ಬಿಟ್ಟು, ಮುಚ್ಚಳದ ಮೇಲ್ಮೈಯಿಂದ ಫ್ಲೋಟಿಗೆ ಎಷ್ಟು ಮಿ.ಮೀ ಇದೆ ಅಂತ ನೋಡಿ. ಎಷ್ಟಿರಬೇಕು ಅನ್ನೋದು ಪ್ರತಿ ಮಾಡೆಲಿಗೂ ಬೇರೆ, ಗ್ಯಾಸ್ಕೆಟ್ (ಎರಡು ಭಾಗದ ಮಧ್ಯೆ ಸೋರದ ಹಾಗೆ ಇಡೋ ತೆಳು ಹಾಳೆ) ಇಟ್ಟು ಅಳೀಬೇಕಾ ತೆಗೆದು ಅಳೀಬೇಕಾ ಅನ್ನೋದೂ ಬೇರೆ, ನಿಮ್ಮ ಮ್ಯಾನುಯಲ್ ನೋಡಿ, ಬೇರೆಯವರ ಗಾಡಿ ಲೆಕ್ಕ ತಂದು ಹಾಕ್ಬೇಡಿ. ಸರಿ ಮಾಡೋಕೆ ನೀಡಲ್ ತಾಗೋ ಸಣ್ಣ ನಾಲಿಗೆ ಬಗ್ಗಿಸ್ಬೇಕು, ಬಗ್ಗಿಸೋವಾಗ ಫ್ಲೋಟನ್ನ ನೀಡಲ್ ಮೇಲೆ ಒತ್ತಬೇಡಿ, ತುದೀಲಿ ರಬ್ಬರ್ ಇರೋ ನೀಡಲ್ ಅಲ್ಲೇ ಹಾಳಾಗುತ್ತೆ.

ಬೌಲಿನ ತಳ ಕ್ಲೀನ್ ಮಾಡಿ, ಜೆಟ್ಟುಗಳಿಗೆ ಸ್ಪ್ರೇ ಮತ್ತೆ ಕಂಪ್ರೆಸರ್ ಗಾಳಿ ಹೊಡೀರಿ, ಕಣ್ಣಿಗೆ ಕನ್ನಡಕ ಇರ್ಲಿ. ತಂತಿ, ಪಿನ್ನು ಚುಚ್ಚಬೇಡಿ, ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದ್ರೆ ಮತ್ತೆ ಆ ಗಾಡಿ ಪೆಟ್ರೋಲ್ ಕುಡಿಯೋದು ನಿಲ್ಲಿಸಲ್ಲ. ಮುಚ್ಚಳ ಬಗ್ಗಿದೆಯಾ ಅಂತ ಗಾಜಿನ ಮೇಲಿಟ್ಟು ನೋಡಿ. ಹಳೇ ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳ ಝೆನಿತ್ 36 ಐವಿ ಕಾರ್ಬುರೇಟರಲ್ಲಿ ಮುಚ್ಚಳ ಬಗ್ಗಿ, ಒಳಗಿನ ಸಣ್ಣ ಓ-ರಿಂಗ್ (ರಬ್ಬರ್ ಉಂಗುರ) ಸವೆದು, ಐಡ್ಲಿಂಗಲ್ಲೇ ಪೆಟ್ರೋಲ್ ಒಳಗೆ ಜಿನುಗೋದು ಗೊತ್ತಿರೋ ಕಾಯಿಲೆ, ಅಲ್ಲಿ ಫ್ಲೋಟ್ ಎಷ್ಟು ಸರಿ ಮಾಡಿದ್ರೂ ಉಪಯೋಗ ಇಲ್ಲ. ಸ್ಕ್ರೂಗಳನ್ನ ಜೋರಾಗಿ ಬಿಗೀಬೇಡಿ, ಬಗ್ಗೋಕೆ ಅದೂ ಒಂದು ಕಾರಣ.

7. ಏರಲ್ಲಿ, ಓರೆಯಲ್ಲಿ ಮಾತ್ರ ತೊಂದರೆ ಇದ್ರೆ

ಬಾನೆಟ್ ಎತ್ತಿ ಬೌಲ್ ಯಾವ ಕಡೆಗಿದೆ ನೋಡಿ. ಬೌಲ್ ಗಾಡಿ ಮೂತಿ ಕಡೆಗಿದ್ದು ಗಾಳಿ ಹೋಗೋ ಬಾಯಿ ಹಿಂದಿದ್ರೆ, ಏರು ಹತ್ತುವಾಗ ಬೌಲ್ ಎತ್ತರಕ್ಕೆ ಹೋಗಿ ಪೆಟ್ರೋಲ್ ಬಾಯಿಗೆ ಸುರಿಯುತ್ತೆ, ಅಂದ್ರೆ ಉಕ್ಕಿ ಆಫ್ ಆಗುತ್ತೆ, ಇಳಿಯೋವಾಗ ಪೆಟ್ರೋಲ್ ಸಾಲದೆ ಆಫ್ ಆಗುತ್ತೆ. ಬೌಲ್ ಹಿಂದಿದ್ರೆ ಇದೇ ಉಲ್ಟಾ. ಪಕ್ಕಕ್ಕಿದ್ರೆ ಎಡಕ್ಕೆ ವಾಲಿದಾಗ ಒಂಥರ, ಬಲಕ್ಕೆ ವಾಲಿದಾಗ ಇನ್ನೊಂಥರ. ಮೂರನೇ ಹೆಜ್ಜೆಯ ಚೀಟಿ ತೆಗೆದು ಇದಕ್ಕೆ ತಾಳೆ ಹಾಕಿ, ಆಗ ಉಕ್ಕಿ ನಿಂತಿದ್ದಾ ಒಣಗಿ ನಿಂತಿದ್ದಾ ಅಂತ ಖಚಿತ ಆಗುತ್ತೆ.

ಉಕ್ತಿದ್ರೆ ಮ್ಯಾನುಯಲ್ ಅಳತೆಗಿಂತ ಪೆಟ್ರೋಲ್ ಲೆವೆಲ್ 1ರಿಂದ 2 ಮಿ.ಮೀ ಕೆಳಗಿಳಿಸಿ ನೋಡಿ, ಒಂದೇ ಸಲಕ್ಕೆ ಜಾಸ್ತಿ ಇಳಿಸಿದ್ರೆ ರೇಸ್ ಮಾಡಿದಾಗ ಗಾಡಿ ಉಸಿರುಗಟ್ಟುತ್ತೆ. ಹಳ್ಳ ದಿಣ್ಣೆಲಿ ಕುಣಿಯೋವಾಗ ಉಕ್ಕಿದ್ರೆ ಸಣ್ಣ ಸ್ಪ್ರಿಂಗ್ ಇರೋ ನೀಡಲ್ ಹಾಕಿ, ಫ್ಲೋಟ್ ಕುಣಿದ್ರೂ ನೀಡಲ್ ಸೀಟಿನಿಂದ ಬೇಗ ಏಳಲ್ಲ. ಪ್ರೆಶರನ್ನೂ ಒಂದು ಪಿಎಸ್‌ಐ ಇಳಿಸಿ ನೋಡಬಹುದು. ಬೌಲಿಗೆ ಗಾಳಿ ಬರೋ ವೆಂಟ್ ಟ್ಯೂಬ್ ಇರುತ್ತಲ್ಲ, ಓರೆಯಲ್ಲಿ ಪೆಟ್ರೋಲ್ ಅದರಿಂದಲೇ ನೇರ ಕಾರ್ಬುರೇಟರ್ ಬಾಯಿಗೆ ಚೆಲ್ಲುತ್ತೆ, ಪೆಟ್ರೋಲಿಗೆ ಕೆಡದ ಪೈಪ್ ಸಿಕ್ಕಿಸಿ ಆ ಟ್ಯೂಬನ್ನ ಎತ್ತರ ಮಾಡೋರು ತುಂಬಾ ಜನ ಇದ್ದಾರೆ, ನನ್ನ ಪ್ರಕಾರ ಇಷ್ಟು ಕಡಿಮೆ ಖರ್ಚಲ್ಲಿ ಇಷ್ಟು ಫಲ ಕೊಡೋ ಕೆಲಸ ಇನ್ನೊಂದಿಲ್ಲ. ವೆಂಟ್ ಮುಚ್ಚಿ ಮಾತ್ರ ಹಾಕ್ಬೇಡಿ, ಪೈಪ್ ಏರ್ ಕ್ಲೀನರ್ ಒಳಗೇ ಇರ್ಲಿ, ಹೊರಗೆ ಬಿಟ್ರೆ ಧೂಳು ಬೌಲಿಗೆ.

ಏರ್ ಕ್ಲೀನರಲ್ಲಿ ಆಯಿಲ್ ಹಾಕೋ ಥರದ್ದಾಗಿದ್ರೆ ಗುರುತಿಗಿಂತ ಮೇಲೆ ತುಂಬಬೇಡಿ, ವಾಲಿದಾಗ ಆ ಆಯಿಲ್ ಕಾರ್ಬುರೇಟರಿಗೆ ಇಳಿಯುತ್ತೆ. ಕೆಸರು ಮೆತ್ತಿದ ಫಿಲ್ಟರ್ ಗಾಳಿ ತಡೆದು ಚೋಕ್ ಎಳೆದ ಹಾಗೇ ಮಾಡುತ್ತೆ.

8. ಬಿಸಿಯಲ್ಲಿ ಮಾತ್ರ ತೊಂದರೆ ಇದ್ರೆ

ಎರಡು ಬೇರೆ ಬೇರೆ ಕಾಯಿಲೆ ಇದೆ, ಜನ ಎರಡನ್ನೂ ವೇಪರ್ ಲಾಕ್ ಅಂತಾರೆ. ಒಂದು, ಪೈಪಲ್ಲೇ ಪೆಟ್ರೋಲ್ ಕುದಿದು ಆವಿಯಾಗಿ ಪಂಪಿಗೆ ಎಳೆಯೋಕೆ ಆಗದೇ ಇರೋದು, ವೇಪರ್ ಲಾಕ್ ಅಂದ್ರೆ ಇದು. ಇನ್ನೊಂದು, ಗಾಡಿ ನಿಂತ ಮೇಲೆ ಎಂಜಿನ್ ಶಾಖಕ್ಕೆ ಬೌಲಿನಲ್ಲೇ ಕುದಿದು ಒಳಗೆ ತೊಟ್ಟಿಕ್ಕೋದು. ಬಿಸಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು, ಎಂಜಿನ್ ಓಡಿಸ್ದೇ, ಏರ್ ಕ್ಲೀನರ್ ತೆಗೆದು ಟಾರ್ಚ್ ಹಾಕಿ ಬಾಯೊಳಗೆ ನೋಡಿ. ಪೆಟ್ರೋಲ್ ಹನಿ ಹನಿಯಾಗಿ ಬೀಳ್ತಿದ್ರೆ ಎರಡನೇದು. ಹನಿ ಇಲ್ಲ, ಕೈಯಲ್ಲಿ ತ್ರಾಟಲ್ ಎಳೆದ್ರೂ ಪಿಚಕಾರಿ ಚಿಮ್ಮಲ್ಲ ಅಂದ್ರೆ ಬೌಲ್ ಖಾಲಿ, ಮೊದಲನೇದು.

ಎರಡನೇದಕ್ಕೆ ಕಾರ್ಬುರೇಟರ್ ಕೆಳಗೆ ಶಾಖ ತಡೆಯೋ ದಪ್ಪ ಇನ್ಸುಲೇಟರ್ ಮತ್ತೆ ತಗಡಿನ ಹೀಟ್ ಶೀಲ್ಡ್ ಹಾಕಿ. ಎಷ್ಟೋ ಗಾಡೀಲಿ ಕಂಪನಿ ಕೊಟ್ಟ ಶೀಲ್ಡನ್ನ ಯಾವಾಗ್ಲೋ ಬಿಚ್ಚಿ ಎಸೆದಿರ್ತಾರೆ. ಮೊದಲನೇದಕ್ಕೆ ಪೈಪನ್ನ ಎಕ್ಸಾಸ್ಟಿನಿಂದ ದೂರ ಒಯ್ಯಿರಿ, ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಲೈನ್ ಇದ್ರೆ ಅದು ಮುಚ್ಚಿಲ್ಲ ಅಂತ ನೋಡಿ. ದಾರೀಲಿ ಸಿಕ್ಕಿಹಾಕಿಕೊಂಡ್ರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯೋದು ಕೆಲಸ ಮಾಡುತ್ತೆ. ಪೈಪಿಗೆ ಬಟ್ಟೆ ಒಣಹಾಕೋ ಮರದ ಕ್ಲಿಪ್ ಸಿಕ್ಕಿಸೋ ಉಪಾಯದ ಮೇಲೆ ನನಗಂತೂ ನಂಬಿಕೆ ಇಲ್ಲ.

9. ಸ್ಲೋನಲ್ಲಿ ನಿಲ್ಲದೇ ಇದ್ರೆ

ಕೀ ಆನ್ ಮಾಡಿ, ಐಡಲ್ ಸಾಲನಾಯ್ಡ್ ವೈರ್ ತೆಗೆದು ಮತ್ತೆ ತಾಗಿಸಿ, ಟಿಕ್ ಅಂತ ಸದ್ದು ಬರಬೇಕು. ಕೀ ಆಫ್ ಮಾಡಿದಾಗ ಸ್ಲೋ ಪೆಟ್ರೋಲ್ ದಾರಿ ಮುಚ್ಚೋ ಬಾಗಿಲು ಇದು, ಕರೆಂಟ್ ಬರದೇ ಇದ್ರೆ ಗಾಡಿ ರೇಸಲ್ಲಿ ಓಡುತ್ತೆ, ಕಾಲು ತೆಗೆದ ಕೂಡ್ಲೇ ಸಾಯುತ್ತೆ. ಹಳೇ ಗಾಡಿಗಳಲ್ಲಿ ಎಲ್ಲದಕ್ಕೂ ಇದು ಇರಲ್ಲ.

ಆಮೇಲೆ ಗಾಳಿ ಎಳೆಯೋದು. ಎಂಜಿನ್ ಐಡ್ಲಿಂಗಲ್ಲಿದ್ದಾಗ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ (ಕಾರ್ಬುರೇಟರಿನಿಂದ ಎಂಜಿನ್ನಿಗೆ ಹೋಗೋ ಕವಲು ಪೈಪ್) ಸೇರೋ ಜಾಗ, ತ್ರಾಟಲ್ ಕಡ್ಡಿಯ ಎರಡೂ ತುದಿಗೆ ಸೋಪಿನ ನೀರು ಸ್ವಲ್ಪ ಸ್ಪ್ರೇ ಮಾಡಿ, ಎಂಜಿನ್ ಸದ್ದು ಬದಲಾದ ಕಡೆ ತೂತಿದೆ. ಕಾರ್ಬುರೇಟರ್ ಕ್ಲೀನರ್ ಹೊಡೆದು ನೋಡೋದು ಎಲ್ಲರ ಅಭ್ಯಾಸ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿ ಹಚ್ಚೋ ಅಭ್ಯಾಸ. ವ್ಯಾಕ್ಯೂಮ್ ಗೇಜ್ ಇದ್ರೆ, ಸಮುದ್ರ ಮಟ್ಟದ ಹತ್ರ ಆರೋಗ್ಯವಾಗಿರೋ ಎಂಜಿನ್ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತೆ, ಎತ್ತರದ ಜಾಗದಲ್ಲಿ ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಮ್ಮಿ. ಬ್ರೇಕ್ ಬೂಸ್ಟರ್, ಅಂದ್ರೆ ಬ್ರೇಕ್ ತುಳಿತಕ್ಕೆ ಬಲ ಕೂಡಿಸೋ ಭಾಗ, ಅದರ ಪೈಪನ್ನೂ ನೋಡಿ, ಬ್ರೇಕ್ ತುಳಿದಾಗ ಆಫ್ ಆಗೋ ಗಾಡಿಗಳಲ್ಲಿ ಕೆಲವು ಸಲ ಅದೇ ಕಾರಣ.

10. ಮಿಕ್ಸ್ಚರ್ ಸ್ಕ್ರೂ ಕಟ್ಟಕಡೆಗೆ

ಸ್ಲೋನಲ್ಲಿ ಗಾಳಿ ಪೆಟ್ರೋಲ್ ಬೆರಕೆ ಹೆಚ್ಚು ಕಮ್ಮಿ ಮಾಡೋ ಸ್ಕ್ರೂ ಇದು, ಎಲ್ಲರೂ ಮೊದಲು ತಿರುಗಿಸೋದು ಇದನ್ನೇ. ಮುಟ್ಟೋ ಮುಂಚೆ ಒಳಕ್ಕೆ ಎಷ್ಟು ಸುತ್ತು ಹೋಗುತ್ತೆ ಅಂತ ಎಣಿಸಿ ಬರೆದಿಡಿ, ಮೆಲ್ಲಗೆ ತಾಗಿದ ಕೂಡ್ಲೇ ನಿಲ್ಲಿಸಿ, ಬಿಗಿದ್ರೆ ಚೂಪು ತುದಿ ಮೊಂಡಾಗುತ್ತೆ. ಬಹಳಷ್ಟು ಕಾರ್ಬುರೇಟರಿಗೆ ಒಂದೂವರೆಯಿಂದ ಎರಡು ಸುತ್ತು ಹೊರಗೆ ಇಟ್ಟು ಶುರು ಮಾಡಬಹುದು. ಎಂಜಿನ್ ಪೂರ್ತಿ ಬಿಸಿಯಾಗಿ ಚೋಕ್ ತೆರೆದ ಮೇಲೆ, ಕಾಲು ಸುತ್ತು ಕಾಲು ಸುತ್ತು ತಿರುಗಿಸ್ತಾ ಎಂಜಿನ್ ಅತಿ ನಯವಾಗಿ, ಅತಿ ಜೋರಾಗಿ ಓಡೋ ಜಾಗ ಹುಡುಕಿ, ಆಮೇಲೆ ಐಡಲ್ ಸ್ಕ್ರೂನಲ್ಲಿ ಸ್ಪೀಡ್ ಇಳಿಸಿ, ಮತ್ತೆ ಮಿಕ್ಸ್ಚರ್ ಒಂದು ಸಲ ನೋಡಿ. ಸ್ಕ್ರೂ ಪೂರ್ತಿ ಒಳಗೆ ಹೋದ್ರೂ ಎಂಜಿನ್ ಆಫ್ ಆಗ್ತಿಲ್ಲ ಅಂದ್ರೆ ಪೆಟ್ರೋಲ್ ಬೇರೆ ದಾರಿಯಿಂದ ಬರ್ತಿದೆ, ಆರನೇ ಹೆಜ್ಜೆಗೆ ವಾಪಸ್ ಹೋಗಿ. ಕೆಲವು ಮಾಡೆಲಲ್ಲಿ ಈ ಸ್ಕ್ರೂ ಪೆಟ್ರೋಲ್ ಬದಲು ಗಾಳಿ ನಿಯಂತ್ರಿಸುತ್ತೆ, ಅಲ್ಲಿ ಲೆಕ್ಕ ಉಲ್ಟಾ, ಮ್ಯಾನುಯಲ್ ನೋಡ್ಕೊಳ್ಳಿ.

ಎಲ್ಲಾ ಆದ ಮೇಲೆ ಏರ್ ಕ್ಲೀನರ್ ಹಾಕಿ, ಐದು ನಿಮಿಷ ಎಂಜಿನ್ ಓಡಿಸಿ, ಪ್ರತಿ ಪೈಪ್ ಜಾಯಿಂಟಿಗೂ ಒಣ ಬೆರಳು ತಾಗಿಸಿ ಮೂಸಿ ನೋಡಿ. ಆಮೇಲೆ ಅದೇ ಏರು, ಅದೇ ಓರೆ ಹುಡುಕಿಕೊಂಡು ಹೋಗಿ, ಇನ್ನೊಂದು ಗಾಡಿ ಜೊತೇಲಿರ್ಲಿ, ಅರ್ಧ ಏರಲ್ಲಿ ನಿಲ್ಲಿಸಿ ಎರಡು ನಿಮಿಷ ಐಡ್ಲಿಂಗಲ್ಲಿ ಬಿಡಿ. ಮತ್ತೆ ಆಫ್ ಆದ್ರೆ ಚೀಟೀಲಿ ಬರ್ಕೊಳ್ಳಿ.